ಸೈಕಲ್ಲಿಗೆ ಸೋಮವಾರವಿಲ್ಲ

೧೯೬೩ನೆಯ ಇಸವಿ. ಸಂಕ್ರಮಣ ಮುಗಿದು, ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತಿದ್ದ ದಿನಗಳು. ನಮ್ಮ ಕಡೆ ಅದು ಸೀತನಿಯ ಕಾಲ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಕಾಳನ್ನು ಬೆಲ್ಲದ ಜೊತೆ ಬಾಯಿಗೆ ಹಾಕಿಕೊಂಡರೆ ಏನು ರುಚಿ ಅಂತೀರಿ! ಆ ದಿನಗಳಲ್ಲೇ ನನ್ನ ಬದುಕಿನ ದೊಡ್ಡ ಸಂತೋಷದ ಸಂಗತಿ ನಡೆಯಿತು. ಊರೆಲ್ಲ ಹೇಳಿ ಮುಗಿಸಿದ್ದೇನೆ. ಬಂದ ಬೀಗರಿಗೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರಿಗೆ, ಬಳೆಗಾರನಿಗೆ, ಎಲ್ಲರಿಗೂ ಹೇಳಿದ್ದೇನೆ. ಆದರೂ ಹೊಟ್ಟೆಯೊಳಗೆ ಇನ್ನೂ ಉಕ್ಕುತ್ತಲೇ ಇದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಾನು ಹುಟ್ಟಿದ್ದು ವಿಜಾಪುರದ ಜೋರಾಪುರ ಪೇಟೆಯಲ್ಲಿ. ಮೂರನೆಯ ಇಯತ್ತೆ ಮುಗಿಯುವ ಮೊದಲೇ ಮದುವೆ ಮಾಡಿ ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ ಕೊಟ್ಟರು. ಸಾಲಿ ಅಲ್ಲಿಗೆ ನಿಂತಿತು. ಅಕ್ಷರವನ್ನು ಮಾತ್ರ ನಾನು ಬಿಡಲಿಲ್ಲ. ಬೆಲ್ಲ ಕಟ್ಟಿ ತಂದ ಕಾಗದವನ್ನೂ ಬಿಡಿಸಿ ಓದುತ್ತಿದ್ದೆ. ಬರವಣಿಗೆಯಲ್ಲಿ ಹೆಚ್ಚುಕಡಿಮೆ ಇದ್ದರೆ ನೀವೇ ತಿದ್ದಿಕೊಳ್ಳಿ.

ಮೊದಲು ನಮ್ಮ ಹಾದಿಯ ಬಗ್ಗೆ ಹೇಳಬೇಕು. ಜೈನಾಪುರದಿಂದ ಬಬಲೇಶ್ವರಕ್ಕೆ ಹೊಲಗಳ ನಡುವೆ ಒಂದು ಹಳೆಯ ಹಾದಿ ಇದೆ. ನಮ್ಮ ಭೂಮಿ ಎರೆಭೂಮಿ. ಮಳೆ ಬಿದ್ದರೆ ಸಾಕು, ಕಾಲು ಕಿತ್ತಿಡಲು ಬರುವುದಿಲ್ಲ, ಚಪ್ಪಲಿ ಅಲ್ಲೇ ಉಳಿಯುತ್ತದೆ. ಆದರೆ ಈ ಹಾದಿ ಹೋಗಿರುವುದು ಹಳ್ಳದ ದಂಡೆಯ ಗರಸು ನೆಲದ ಮೇಲೆ. ಎಂಥ ಮಳೆಯಲ್ಲೂ ಗಟ್ಟಿ. ಎರಡೂ ಬದಿಗೆ ಬೇವಿನ ಮರಗಳು, ನಡುವೆ ಒಂದು ಮೆಟ್ಟಿಲು ಬಾವಿ. ಸಂತೆಗೆ ಹೋಗುವವರು, ಹೊಲಕ್ಕೆ ಹೋಗುವವರು ಸರಿಯೇ ಸರಿ. ಸುಮ್ಮನೆ ಅಡ್ಡಾಡಲು ಬರುವವರೂ ಬಹಳ. ಪಂಚಮಿಯಲ್ಲಿ ಹುಡುಗಿಯರು ಜೋಕಾಲಿ ಕಟ್ಟುವುದು ಅಲ್ಲಿಯ ಬೇವಿಗೇ. ಸೀತನಿಯ ದಿನಗಳಲ್ಲಿ ನಮ್ಮ ಜೋರಾಪುರ ಪೇಟೆಯ ಹುಡುಗರು ಬಾಡಿಗೆ ಸೈಕಲ್ ತೆಗೆದುಕೊಂಡು ಬರುವುದೂ ಅದೇ ಹಾದಿಯಿಂದ.

ನನ್ನ ಮಗ ಬಸಪ್ಪ. ಅವನ ಮಗಳು ಕಸ್ತೂರಿ. ಎಂಟನೆಯ ಇಯತ್ತೆಗೆ ಬಬಲೇಶ್ವರದ ಹೈಸ್ಕೂಲಿಗೆ ಹೋಗುತ್ತಿದ್ದಳು. ಜೋರಾಪುರ ಪೇಟೆಯಲ್ಲಿ ನನ್ನ ಅಣ್ಣನ ಮಗ ಮಲ್ಲೇಶಿಗೆ ಬಾಡಿಗೆ ಸೈಕಲ್ಲಿನ ಅಂಗಡಿ. ಅವನು ಒಂದು ಹಳೆಯ ಸೈಕಲ್ಲನ್ನು ಸರಿಪಡಿಸಿ, ಬಸ್ಸಿನ ಮೇಲೆ ಹಾಕಿ ಕಳಿಸಿದ. ಗಂಡಸರ ಸೈಕಲ್ಲು. ಕಸ್ತೂರಿ ನಡುವಿನ ದಾಂಡಿಯ ಕೆಳಗಿಂದ ಒಂದು ಕಾಲು ತೂರಿಸಿ, ಮೈಯೆಲ್ಲ ಒಂದು ಕಡೆ ವಾಲಿಸಿ ಹೊಡೆಯುತ್ತಿದ್ದಳು. ಊರ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ನನಗಂತೂ ಅವಳು ಹೋಗುವುದನ್ನು ನೋಡುವುದೇ ಒಂದು ಹಬ್ಬ. ಬಾಗಿಲಲ್ಲಿ ನಿಂತು, ಬೇವಿನ ಮರದ ತಿರುವಿನಲ್ಲಿ ಅವಳ ಎರಡು ಜಡೆ ಮರೆಯಾಗುವವರೆಗೂ ನೋಡುತ್ತಿದ್ದೆ.

ಅದರ ಹಿಂದಿನ ವರ್ಷ ನಮ್ಮೂರಿಗೆ ಹೊಸದಾಗಿ ಖಡಿ ರಸ್ತೆ ಆಗಿತ್ತು. ಸುತ್ತು ಬಳಸಿ ಹೋಗುವ ರಸ್ತೆ. ಅದರ ಮೇಲೆ ಕಲ್ಲಿನ ಲಾರಿಗಳು ಧೂಳೆಬ್ಬಿಸಿಕೊಂಡು ಓಡುತ್ತಿದ್ದವು. ಬಸಪ್ಪ ಮಗಳಿಗೆ ಒಂದೇ ಕರಾರು ಹಾಕಿದ್ದ: ಸೈಕಲ್ ಹೊಡೆಯುವುದಾದರೆ ಹಳೆಯ ಹಾದಿಯಲ್ಲಿ ಮಾತ್ರ.

ಒಂದು ದಿನ ಮುಂಜಾನೆ ಹೋದ ಕಸ್ತೂರಿ ಅರ್ಧ ಗಳಿಗೆಯಲ್ಲೇ ತಿರುಗಿ ಬಂದಳು. ಸೈಕಲ್ ದೂಡಿಕೊಂಡು ಬರುತ್ತಿದ್ದಳು. ಎರಡೂ ಗಾಲಿ ಪಂಕ್ಚರ್, ಲಂಗ ಹರಿದಿತ್ತು, ಮೊಣಕೈಯಲ್ಲಿ ರಕ್ತ.

"ಏನಾತು ನನ್ನವ್ವಾ?" ಎಂದೆ.

"ಆಯಿ, ಹಾದಿಗೆ ಮುಳ್ಳು ಬಡದಾರ. ತಿರುವಿನ್ಯಾಗ ಕಾಣಲಿಲ್ಲ, ಅದರಾಗ ಹೋಗಿ ಬಿದ್ನಿ."

ಮುಳ್ಳು ಹಾಕಿದವರು ಬೇರೆ ಯಾರೂ ಅಲ್ಲ, ಈರಪ್ಪ ಭಾವ. ನಮ್ಮ ಮನೆಯವರ ದೊಡ್ಡಪ್ಪನ ಮಗ. ಹಾದಿ ಅವರ ಹೊಲದ ನಡುವೆಯೇ ಹಾಯ್ದು ಹೋಗುತ್ತದೆ. ನಮ್ಮ ಮನೆಯವರು ಕೇಳಲು ಹೋದರು. ನಾನೂ ಸೆರಗು ಹೊದ್ದು ಹಿಂದೆ ನಿಂತೆ.

"ಅಪ್ಪ ಮುತ್ಯಾರ ಕಾಲದ ಹಾದಿ, ಅಣ್ಣಾ," ಎಂದರು ನಮ್ಮವರು.

"ಅಪ್ಪ ಮುತ್ಯಾರ ಕಾಲದಾಗ ರಸ್ತಾ ಇರಲಿಲ್ಲ. ಈಗ ಐತಿ. ನಿಮ್ಮ ಬಂಡಿ ಗಾಲಿ ವರ್ಷಕ್ಕೊಂದು ಸಾಲು ನನ್ನ ಹೊಲ ತಿನ್ನಾಕತ್ತಾವ."

"ಕೂಸು ಸಾಲಿಗಿ ಹೋಗತೈತಿ."

"ಸಾಲಿಗಿ ಹೋಗಾಕ ರಸ್ತಾ ಐತಿ. ಬೇವಿನ ನೆಳ್ಳಾಗ ಹಾಡ ಹೇಳಕೋತ ಸಾಯ್ಕಲ್ ಹೊಡ್ಯಾಕ ಹಾದಿ ಬೇಕಂದ್ರ ನಿಮ್ಮ ಹೊಲದಾಗ ಮಾಡ್ಕೋರಿ. ನಿಮ್ಮ ಸೊಗಸಿಗಿ ನನ್ನ ಹೊಲ ಯಾಕಲೇ ತಮ್ಮಾ?"

ಈರಪ್ಪ ಭಾವ ಕೆಟ್ಟವರಲ್ಲ. ಅವರು ಹೇಳಿದ್ದರಲ್ಲೂ ನಿಜ ಇತ್ತು. ಬಂಡಿಗಳು ಹಳೆಯ ಜಾಡು ಕೆಟ್ಟಿತೆಂದು ಪಕ್ಕಕ್ಕೆ ಸರಿದು ಸರಿದು ಅವರ ಹೊಲ ಕಿರಿದಾಗುತ್ತಿತ್ತು. ಆದರೆ ನನ್ನ ಮೊಮ್ಮಗಳ ಮೊಣಕೈ ನೋಡಿದ ಕಣ್ಣಿಗೆ ಅದೆಲ್ಲ ಎಲ್ಲಿ ಕಾಣಬೇಕು?

ಆ ರಾತ್ರಿ ಬಸಪ್ಪ ಹೇಳಿಬಿಟ್ಟ. "ರಸ್ತಾದ ಮ್ಯಾಲೆ ಲಾರಿ ಹೆಂಗ ಬರತಾವ ನೀನ ನೋಡಿಯಲ್ಲ ಯವ್ವಾ. ಕೂಸನ್ನ ಅದರ ಬಾಯಾಗ ಹ್ಯಾಂಗ ಕಳಸಲಿ? ಕಲತದ್ದು ಸಾಕು. ಟಿಕೋಟಾಕ ಅಕ್ಕನ ಮನಿಗಿ ಕಳಸತೇನಿ, ನಾಕ ದಿನ ಇದ್ದು ಬರಲಿ. ಸಾಯ್ಕಲ್ ಅನ್ನೂ ಮಾತು ಇನ್ನ ಈ ಮನ್ಯಾಗ ಬ್ಯಾಡ."

ಟಿಕೋಟಾದಲ್ಲಿ ನನ್ನ ಮಗಳ ಮನೆ. ಅದರ ಮಗ್ಗುಲಿಗೇ ಈರಪ್ಪ ಭಾವನ ಮಗಳು ಗಂಗವ್ವನ ಮನೆ. ಕಸ್ತೂರಿ ಅಳಲಿಲ್ಲ, ನೋಡಿ. ದನಗಳಿಗೆ ಮೇವು ಹಾಕುವ ಗೋದಲಿಯ ಪಕ್ಕದಲ್ಲಿ ಸೈಕಲ್ ನಿಲ್ಲಿಸಿ, ಸರಪಳಿಗೆ ಎಣ್ಣೆ ಹಾಕಿ, ಮೇಲೊಂದು ಗೋಣಿ ಚೀಲ ಹೊದಿಸಿ, ಬಸ್ಸು ಹತ್ತಿದಳು. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಹೈಸ್ಕೂಲಿನ ಗಣಿತದ ಮಾಸ್ತರರು ಮಾತ್ರ ಸುಮ್ಮನೆ ಕೂರಲಿಲ್ಲ. ಅವರೂ ಸೈಕಲ್ಲಿನವರೇ. ಆ ಹಾದಿಯ ಮೇಲೆ ಅವರಿಗೊಂದು ಹುಚ್ಚು. ರಜೆಯಲ್ಲಿ ಹುಡುಗರು ಬಬಲೇಶ್ವರ, ಜೈನಾಪುರ, ಟಿಕೋಟಾ ಒಂದು ಸುತ್ತು ಸೈಕಲ್ಲಿನಲ್ಲಿ ಬರುವಂತೆ ಆಗಬೇಕು, ನೆರಳಿರುವ ಹಳೆಯ ಹಾದಿಗಳನ್ನು ಜೋಡಿಸಿದರೆ ಸಾಕು ಎಂದು ನಮ್ಮ ಕಟ್ಟೆಯ ಮೇಲೆ ಸುಣ್ಣದ ತುಂಡಿನಿಂದ ಗೆರೆ ಎಳೆದು ತೋರಿಸುತ್ತಿದ್ದರು. ಅವರೇ ಮಾಮಲೇದಾರರ ಕಚೇರಿಗೆ ಅರ್ಜಿ ಕೊಟ್ಟರು. ಕೊಟ್ಟು ಬಂದು ನನಗೆ ಹೇಳಿದರು.

"ಒಬ್ಬ ಸಾಹೇಬ್ರು ಬಂದು ನೋಡತಾರಬೇ. ಹಾದಿ ಮ್ಯಾಲೆ ಬಂಡಿ ಹೋಗೂದು, ಸಾಯ್ಕಲ್ ಹೋಗೂದು ಅವರ ಕಣ್ಣಿಗಿ ಕಾಣಬೇಕು. ಕಂಡ್ರ ಹಾದಿ ಉಳೀತೈತಿ. ಕಾಣದಿದ್ರ ಈರಪ್ಪನವರು ನೇಗಿಲಾ ಹೊಡೀತಾರ."

ಈ ಮಾತು ನನ್ನ ತಲೆಯಲ್ಲಿ ಗೂಟ ಬಡಿದಂತೆ ನಿಂತಿತು. ಮುಂದಿನದಕ್ಕೆಲ್ಲ ಇದೇ ಕಾರಣ.

ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ನಾನು ಬೀಸುತ್ತಾ ಕುಳಿತಿದ್ದೆ. ಬೀಸುಕಲ್ಲಿನ ಗುರ್ ಗುರ್ ಸದ್ದು. ಓಣಿಯಲ್ಲಿ ವಾಲೀಕಾರ ಡಂಗುರ ಹೊಡೆಯುತ್ತಾ ಹೋದ. ಸದ್ದಿನ ನಡುವೆ ನನ್ನ ಕಿವಿಗೆ ಬಿದ್ದದ್ದು ಇಷ್ಟು: "ಸೋಮಾರ... ಹಳೇ ಹಾದೀಗಿ... ಸಾಯ್ಕಲ್ ಬರ... ಹಾದಿ ಬಳಸಾವರೆಲ್ಲಾ ಹಾಜರ ಇರಬೇಕಪೋ!"

ಬೀಸುವುದನ್ನು ನಿಲ್ಲಿಸಿ ಎದ್ದು ನಿಂತೆ. ಅಬ್ಬಾ ಸರಕಾರವೇ! ಮಾಸ್ತರರ ಅರ್ಜಿ ಓದಿ, ಸೋಮವಾರ ಹಾದಿಗೆ ಸೈಕಲ್ಲುಗಳು ಬರಬೇಕು, ಸಾಹೇಬರು ನೋಡುತ್ತಾರೆ ಎಂದು ಡಂಗುರ ಸಾರಿಸಿದೆ! ನಮ್ಮೂರಲ್ಲಿ ಸೈಕಲ್ಲು ಎಲ್ಲಿವೆ? ಕಸ್ತೂರಿಯದು ಬಿಟ್ಟರೆ ಪೋಸ್ಟಿನವನದು. ಮನೆಯಲ್ಲಿ ಆ ಮಾತು ಎತ್ತುವ ಹಾಗಿಲ್ಲ, ಬಸಪ್ಪ ಸಿಡಿಯುತ್ತಾನೆ. ಸರಿ, ನಾನೇ ಮಾಡುತ್ತೇನೆ, ಯಾರಿಗೂ ಹೇಳದೆ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡೆ.

ಮರುದಿನ ಬಬಲೇಶ್ವರದ ಸಂತೆ. ತತ್ತಿ ಮಾರುವ ನೆಪದಲ್ಲಿ ಹೋದೆ. ಸೈಕಲ್ ಇದ್ದವರನ್ನೆಲ್ಲ ಹುಡುಕಿ ಹುಡುಕಿ ಹಿಡಿದೆ. ಹಾಲಿನವನು, ಸಿಂಪಿಗ, ಪಾತ್ರೆಗೆ ಕಲಾಯಿ ಹಾಕುವವನು, ಹಿಟ್ಟಿನ ಗಿರಣಿಯವನು, ಯಾರನ್ನೂ ಬಿಡಲಿಲ್ಲ.

"ಸರಕಾರದ ಹುಕುಮ ಆಗೈತಿ. ಸೋಮಾರ ಮುಂಜಾನಿ ಜೈನಾಪುರದ ಹಳೇ ಹಾದೀಗಿ ಸಾಯ್ಕಲ್ ಇದ್ದಾವರೆಲ್ಲಾ ಬರಬೇಕಂತ."

ಸಿಂಪಿಗ ಕತ್ತರಿ ಕೆಳಗಿಟ್ಟ. "ಬರದಿದ್ರ ಏನ ಮಾಡತಾರಬೇ? ಜೇಲಿಗಿ ಹಾಕ್ತಾರೇನು?"

"ಬರದಿದ್ರ ಹಾದಿ ಹೊಕ್ಕೈತಿ. ಬಂದ್ರ ಸೀತನಿ ಐತಿ."

"ಹಂಗಂದ್ರ ಹುಕುಮ ಯಾಕಬೇ ಬೇಕು? ಸೀತನಿ ಅಂತ ಮದಲ ಹೇಳಬಾರದಾ!" ಎಂದು ನಕ್ಕ.

ವಿಜಾಪುರದ ಬಸ್ಸು ನಿಂತಿತ್ತು. ಕಂಡಕ್ಟರನ ಕೈಗೆ ನಾಲ್ಕು ತತ್ತಿ ಕೊಟ್ಟು, ಜೋರಾಪುರ ಪೇಟೆಯ ಅಂಗಡಿಯ ಗುರುತು ಹೇಳಿದೆ. "ಅಂಗಡ್ಯಾಗಿನ ಸಾಯ್ಕಲ್ ಎಲ್ಲಾ ಹೊರಗ ತಗೊಂಡು ಸೋಮಾರ ಬಾ ಅಂತ ಅತ್ತಿ ಹೇಳ್ಯಾಳ ಅಂತ ಹೇಳಪಾ." ಟಿಕೋಟಾದಿಂದ ಮೆಣಸಿನಕಾಯಿ ಮಾರಲು ಬಂದಿದ್ದ ಹೆಣ್ಣುಮಗಳೊಬ್ಬಳು ನನ್ನ ಮಗಳ ಓಣಿಯವಳು. ಅವಳ ಕೈಯಲ್ಲೂ ಅದೇ ಸುದ್ದಿ ಕಳಿಸಿದೆ. ಕಸ್ತೂರಿಗೆ ಅಂತಲೇ ಕಳಿಸಿದೆ.

ಭಾನುವಾರ ಸಂಜೆ ನಮ್ಮ ಕಟ್ಟೆಯ ಮೇಲೆ ಗಂಡಸರು ಕೂಡಿದ್ದರು. ಮಾಸ್ತರರೂ ಬಂದಿದ್ದರು. ಈರಪ್ಪ ಭಾವ ಎತ್ತಿನ ಹಗ್ಗ ಹಿಡಿದು ಅದೇ ದಾರಿಯಲ್ಲಿ ಹೋಗುತ್ತಾ ನಿಂತರು.

"ನಾಳೆ ಸೋಮಾರಲೇ ತಮ್ಮಾ. ಸಾಹೇಬ್ರು ಬರ್ಲಿ, ನೋಡ್ಲಿ. ಹಾದಿ ಮ್ಯಾಲೆ ಎಷ್ಟ ಬಂಡಿ ಕಾಣತಾವ, ಬರಕೊಂಡು ಹೋಗ್ಲಿ," ಎಂದು ನಗುತ್ತಾ ಮುಂದೆ ನಡೆದರು.

ಅಷ್ಟು ದಿನವೂ ಯಾರಿಗೂ ಹೊಳೆದಿರಲಿಲ್ಲ! ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮೈ ತೊಳೆದು, ಮೇವು ಹಾಕಿ, ಸುಮ್ಮನೆ ನಿಲ್ಲಿಸುತ್ತೇವೆ. ಹಾದಿಯ ಮೇಲೆ ಒಂದು ಬಂಡಿಯೂ ಇರುವುದಿಲ್ಲ. ಸಾಹೇಬರು ಬಂದು ಬರಿಯ ಹಾದಿ ನೋಡುತ್ತಾರೆ.

"ಒಂದಿನ ಹೂಡೂಣ್ರಿ ಕಾಕಾ," ಎಂದ ಒಬ್ಬ ಹುಡುಗ.

"ಹಾದಿ ಉಳಸಾಕ ಹೋಗಿ ಬಸವಣ್ಣಗ ತಪ್ಪಿ ನಡೀಬೇಕೇನಲೇ?" ಎಂದು ನಮ್ಮವರು ಗದರಿಸಿದರು. ಹುಡುಗ ತಲೆ ತಗ್ಗಿಸಿದ.

ಹೊಸ್ತಿಲೊಳಗೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. "ಸಾಯ್ಕಲ್ಲಿಗಿ ಸೋಮಾರ ಇಲ್ಲಲ್ಲರಿ," ಎಂದೆ.

"ಇಕಿದೊಂದು! ಮಂದಿ ಚಿಂತಿ ಒಂದಾದ್ರ ಇಕಿ ಚಿಂತಿ ಇನ್ನೊಂದು," ಎಂದರು ನಮ್ಮವರು.

"ಸಾಯ್ಕಲ್ಲಿಗೂ ಎರಡು ಕೊಂಬ ಅದಾವಲ್ಲ ಬೇ ಚಿಗವ್ವಾ, ಹಿಡ್ಯಾಕ," ಎಂದ ಆ ಹುಡುಗ. "ಅದಕ್ಕೂ ಸೋಮಾರ ಸೂಟಿ ಕೊಡಬೇಕಾಕ್ಕೈತಿ."

ಎಲ್ಲರೂ ಬೇಸರದಲ್ಲೇ ನಕ್ಕರು. ನಾನು ಒಳಗೊಳಗೇ ಬೇರೆ ನಗೆ ನಕ್ಕು, ಸೀತನಿಗೆ ನಂಜಿಕೊಳ್ಳುವ ಶೇಂಗಾ ಹಿಂಡಿ ಕುಟ್ಟಲು ಒಳಗೆ ಹೋದೆ. ನಾಳೆ ನೋಡಿರಿ, ಎಂದುಕೊಂಡೆ.

ಸೋಮವಾರ ಬೆಳಗಾಯಿತು. ಬುಟ್ಟಿ ತುಂಬ ಬೆಲ್ಲ, ಹಿಂಡಿ, ಮಡಕೆ ತುಂಬ ಮೊಸರು ಹೊತ್ತು ಬಾವಿಯ ಹತ್ತಿರ ಹೋದೆ. "ಪಂಚನಾಮೆಗಿ ಬಂದೀವೋ, ಬೀಗತನಕ್ಕ ಬಂದೀವೋ?" ಎಂದು ಬಸಪ್ಪ ಗೊಣಗಿದ. ಊರವರು ಹಾದಿಯ ಬದಿಗೆ ನಿಂತಿದ್ದರು. ಈರಪ್ಪ ಭಾವ ತಮ್ಮ ಮುಳ್ಳಿನ ಬೇಲಿಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹೊಸ ರಸ್ತೆಯ ಕಡೆಯಿಂದ, ಊರ ಲೆಕ್ಕಪತ್ರ ನೋಡುವ ತಲಾಟಿಯವರ ಜೊತೆ ಸಾಹೇಬರು ನಡೆದು ಬಂದರು. ಕೋಟು ಹಾಕಿದ, ತೆಳ್ಳನೆಯ ಮನುಷ್ಯ. ಬೂಟು ಕಚ್ಚುತ್ತಿತ್ತೋ ಏನೋ, ಕುಂಟುತ್ತಿದ್ದರು. ಮೈಸೂರು ಕಡೆಯವರು. ಮಾತು ಕೇಳಿದರೇ ತಿಳಿಯುತ್ತಿತ್ತು.

"ದಾರಿ ಅಂತೀರಿ, ಒಂದು ಗಾಡಿನೂ ಇಲ್ವಲ್ಲ?" ಎಂದರು.

"ನಾ ಅನ್ನೂದೂ ಅದನರಿ ಸಾಹೇಬ್ರ," ಎಂದರು ಈರಪ್ಪ ಭಾವ.

"ಇವತ್ತ ಸೋಮವಾರರಿ," ಎಂದರು ಮಾಸ್ತರರು. "ನಮ್ಮ ಕಡೆ ಎತ್ತು ಹೂಡಂಗಿಲ್ಲ. ಮುಳ್ಳು ತಗಸಿ ನಾಳೆ ಬಂದು ನೋಡ್ರಿ, ಸಾಲಗಟ್ಟಲೆ ಬಂಡಿ."

ಸಾಹೇಬರು ಒಳ್ಳೆಯವರು. "ನಮ್ಮೂರಲ್ಲೂ ಸೋಮವಾರ ಎತ್ತು ಕಟ್ಟಲ್ಲ ಮೇಷ್ಟ್ರೇ. ನನಗೆ ಗೊತ್ತಾಗುತ್ತೆ. ಆದರೆ ಕಂಡಿದ್ದನ್ನ ಬರೀಬೇಕು ನಾನು. ನಂಬಿದ್ದನ್ನ ಬರೆಯೋಕಾಗಲ್ಲ," ಎಂದು ಒಂದು ಕಲ್ಲಿನ ಮೇಲೆ ಕುಳಿತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದರು.

ಭಾವನವರ ಎದುರಿಗೆ ನಾನು ಅಷ್ಟು ವರ್ಷ ಗಟ್ಟಿಯಾಗಿ ಒಂದು ಮಾತು ಆಡಿದವಳಲ್ಲ. ಆದರೆ ಆ ಪೆನ್ನು ಕಾಗದಕ್ಕೆ ತಾಗಿದರೆ ಮುಗಿಯಿತು, ಕಸ್ತೂರಿಯ ಸಾಲಿ ಮುಗಿಯಿತು! ಸೆರಗು ಎಳೆದುಕೊಂಡು ಮುಂದೆ ಬಂದೇ ಬಿಟ್ಟೆ.

"ತಡೀರಿ ಸಾಹೇಬ್ರ! ಬರೀಬ್ಯಾಡ್ರಿ! ಸಾಯ್ಕಲ್ ಇನ್ನೂ ಬಂದಿಲ್ಲ."

"ಯಾವ ಸೈಕಲ್ಲಮ್ಮಾ?"

"ನೀವ ತರಸಾಕ ಹೇಳಿದ್ರಲ್ಲರಿ, ಡಂಗುರಾ ಹೊಡಿಸಿ!"

ಸಾಹೇಬರು ತಲಾಟಿಯ ಮುಖ ನೋಡಿದರು. ತಲಾಟಿಯವರು ವಾಲೀಕಾರನ ಮುಖ ನೋಡಿದರು. ವಾಲೀಕಾರ ತಲೆಯ ಮೇಲೆ ಕೈ ಇಟ್ಟುಕೊಂಡ.

"ಯವ್ವಾ ಯವ್ವಾ! ನಾ ಸಾರಿದ್ದು ಸಾಯ್ಕಲ್ ಅಲ್ಲಬೇ, ಸರ್ಕಲ್! ಸರ್ಕಲ್ ಸಾಹೇಬ್ರು ಬರತಾರಪೋ ಅಂತ ಸಾರಿದ್ದು!"

ನಮ್ಮ ಕಡೆ ಕಂದಾಯದ ಸರ್ಕಲ್ ಇನ್‌ಸ್ಪೆಕ್ಟರರಿಗೆ ಬರಿಯ 'ಸರ್ಕಲ್' ಎಂದೇ ಅನ್ನುತ್ತಾರೆ. ನನಗೇನು ಗೊತ್ತು? ನನ್ನ ತಲೆಯಲ್ಲಿ ಸೈಕಲ್ ತಿರುಗುತ್ತಿತ್ತು, ಕಿವಿಗೆ ಸೈಕಲ್ಲೇ ಕೇಳಿಸಿತ್ತು.

ಸಾಹೇಬರು ಪೆನ್ನು ಹಿಡಿದ ಕೈಯಿಂದಲೇ ಎದೆ ಮುಟ್ಟಿಕೊಂಡರು. "ಆ ಸರ್ಕಲ್ಲು ನಾನೇ ಕಣಮ್ಮ. ನನಗೆ ಚಕ್ರ ಇಲ್ಲ, ಕಾಲು ಇವೆ. ಅವೂ ನೋಯ್ತಿವೆ."

ಜನ ಹೋ ಎಂದು ನಕ್ಕರು ನೋಡಿ! ಮುಳ್ಳಿನ ಬೇಲಿ ಹಿಡಿದು ನಿಂತ ಈರಪ್ಪ ಭಾವನೂ ನಕ್ಕರು, ಮಾಸ್ತರರೂ ನಕ್ಕರು. ನಮ್ಮವರು ಮಾತ್ರ ತಲೆಗೆ ಸುತ್ತಿದ ಪಟಕದ ತುದಿಯಿಂದ ಮುಖ ಒರೆಸಿಕೊಳ್ಳುತ್ತಾ ಬೇರೆ ಕಡೆ ತಿರುಗಿದರು. ಬಸಪ್ಪ "ಯವ್ವಾ, ಬಾ ಮನಿಗಿ" ಎಂದು ಕೈ ಹಿಡಿದು ಎಳೆದ. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಆ ಬಾವಿಯ ಮೆಟ್ಟಿಲು ಇಳಿದು ಕೂತುಬಿಡಲೇ ಎಂದೂ ನೋಡಿದೆ.

ಅಷ್ಟರಲ್ಲಿ ಟ್ರಿಣ್ ಎಂದಿತು.

ಮೊದಲು ಒಂದು. ಆಮೇಲೆ ಎರಡು. ಆಮೇಲೆ ಲೆಕ್ಕವಿಲ್ಲ! ಟ್ರಿಣ್ ಟ್ರಿಣ್ ಟ್ರಿಣ್ ಎಂದು ಬೇವಿನ ಸಾಲಿನ ಆಚೆಯಿಂದ ಕುರಿಹಿಂಡಿನ ಗಂಟೆಗಳಂತೆ ಸದ್ದು. ನಗುತ್ತಿದ್ದವರು ಬಾಯಿ ಮುಚ್ಚಿದರು. ತಿರುವಿನಲ್ಲಿ ಮೊದಲು ಕಂಡದ್ದು ಎರಡು ಜಡೆ. ನನ್ನ ಕಸ್ತೂರಿ! ಟಿಕೋಟಾದ ತನ್ನ ಮಾವನ ದೊಡ್ಡ ಸೈಕಲ್ಲಿನ ದಾಂಡಿಯ ಕೆಳಗೆ ಕಾಲು ತೂರಿಸಿ, ಮೈ ವಾಲಿಸಿ, ಬಾಣದಂತೆ ಬರುತ್ತಿದ್ದಾಳೆ! ಅವಳ ಹಿಂದೆ ಹಾಲಿನ ಕ್ಯಾನು ಬಡಿಸಿಕೊಂಡು ಹಾಲಿನವನು. ಅವನ ಹಿಂದೆ ಸಿಂಪಿಗ, ಕಲಾಯಿಯವನು, ಮೈಯೆಲ್ಲ ಹಿಟ್ಟು ಬಡಿದುಕೊಂಡ ಗಿರಣಿಯವನು. ಅವರ ಹಿಂದೆ ಮಲ್ಲೇಶಿ ಮತ್ತು ಇಡೀ ಜೋರಾಪುರ ಪೇಟೆಯ ಹುಡುಗರು! ಕತ್ತಲಿರುವಾಗಲೇ ವಿಜಾಪುರ ಬಿಟ್ಟು ಬಂದಿದ್ದರು. ಒಬ್ಬನ ಹ್ಯಾಂಡಲಿಗೆ ಬಲೂನು, ಒಬ್ಬನ ಗಾಲಿಗೆ ಬಣ್ಣದ ಕಾಗದ. ಸರಕಾರದ ಹುಕುಮ ಎಂದರೆ ಏನೋ ಮೆರವಣಿಗೆ ಎಂದುಕೊಂಡು ಬಂದಿದ್ದವು ಆ ಮೂಳಗಳು.

"ಅತ್ತೀ, ಅಂಗಡಿ ಖಾಲಿ ಮಾಡಿ ತಂದೇನಿ! ಎಲ್ಲಿ ಅದಾರ ಸಾಹೇಬ್ರು?" ಎಂದು ಮಲ್ಲೇಶಿ ದೂರದಿಂದಲೇ ಕೂಗಿದ.

ಕಸ್ತೂರಿ ಬೇಲಿಯ ಹತ್ತಿರ ಬ್ರೇಕು ಹಾಕಿದಳು. ಅವಳ ಹಿಂದೆ ಒಂದರ ಮೇಲೊಂದು ಎಲ್ಲ ನಿಂತವು. ಸೈಕಲ್ಲುಗಳನ್ನು ಹೆಗಲಿಗೆ ಎತ್ತಿಕೊಂಡರು, ಮುಳ್ಳಿನ ಪಕ್ಕದ ಜೋಳದ ಹೊಲವನ್ನು ತುಳಿಯದೆ, ಬದುವಿನ ಅಂಚು ಹಿಡಿದು, ಒಬ್ಬರ ಹಿಂದೆ ಒಬ್ಬರು ದಾಟಿ ಈಚೆ ಬಂದರು. ಒಂದು ತೆನೆಯೂ ಮುರಿಯಲಿಲ್ಲ. ಈರಪ್ಪ ಭಾವ ಅದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು.

ಕೊನೆಗೆ ಉಳಿದದ್ದು ಒಂದೇ ಸೈಕಲ್ಲು. ಅದರ ಕ್ಯಾರಿಯರಿನ ಮೇಲೆ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. ಮಡಿಲಲ್ಲಿ ಕೂಸು. ಈರಪ್ಪ ಭಾವನ ಮಗಳು ಗಂಗವ್ವ! ಕಸ್ತೂರಿ ಹೊರಟದ್ದು ನೋಡಿ, ನಾನೂ ತವರಿಗೆ ಸೀತನಿಗೆ ಹೋಗುತ್ತೇನೆ ಎಂದು ಗಂಡನನ್ನು ಹೊರಡಿಸಿದ್ದಳಂತೆ. ಕೂಸನ್ನು ಎತ್ತಿಕೊಂಡು ಇಳಿದವಳು ಮುಳ್ಳನ್ನು ನೋಡಿದಳು.

"ಯಪ್ಪಾ, ಇದನ್ಯಾರು ಇಲ್ಲಿ ಬಡದಾರ?" ಎಂದಳು. ಬೇಲಿ ಆಚೆ ಅವಳು, ಈಚೆ ಅಪ್ಪ. "ನಾ ಇನ್ನ ಯಾ ಹಾದೀಲೆ ಬರ್ಲಿ?"

ಗಂಗವ್ವನ ಗಂಡ, "ಮಾವಾರ, ರಸ್ತಾದ ಮ್ಯಾಲೆ ಕೂಸಿನ ಕಟಗೊಂಡು ಸಾಯ್ಕಲ್ ಮ್ಯಾಲೆ ಬರಾಕ ಆಗಂಗಿಲ್ಲರಿ, ಲಾರಿ ಗಾಳಿಗೆನ ಬೀಳತೇವಿ," ಎಂದ, ಹಲ್ಲು ಕಿಸಿಯುತ್ತಾ. ಅವನಿಗೆ ಪಾಪ ಏನೂ ಗೊತ್ತಿರಲಿಲ್ಲ.

ಈರಪ್ಪ ಭಾವ ಒಂದು ಗಳಿಗೆ ನೆಲ ನೋಡಿದರು. ಆಮೇಲೆ ಬಗ್ಗಿ ಬರಿಗೈಯಿಂದಲೇ ಮುಳ್ಳಿನ ಕಂಟಿ ಹಿಡಿದು ಎಳೆದರು. ನಮ್ಮವರು ಓಡಿ ಹೋಗಿ ಇನ್ನೊಂದು ತುದಿ ಹಿಡಿದರು. ಬಸಪ್ಪನೂ ಹೋದ. ಭಾವನ ಅಂಗೈಯಲ್ಲಿ ರಕ್ತ ಬಂದಿತ್ತು. ಆ ಕೈಯಿಂದಲೇ ಮೊಮ್ಮಗನನ್ನು ಎತ್ತಿಕೊಂಡು, ಸಾಹೇಬರ ಮುಂದೆ ಬಂದು ನಿಂತರು.

"ಸಾಹೇಬ್ರ, ಬಂಡಿ ಬ್ಯಾಡ. ಬಂಡಿಗಿ ರಸ್ತಾ ಐತಿ. ಮಂದಿ ನಡೀಲಿ, ಸಾಯ್ಕಲ್ ಹೋಗಲಿ. ಇಷ್ಟ ಅಗಲ, ಇದರ ಮ್ಯಾಲೆ ಒಂದ ಗೇಣು ಸರೀಬಾರದು," ಎಂದು ಎರಡೂ ಬದಿಗೆ ಕಾಲಿನಿಂದ ಗೆರೆ ಎಳೆದರು. "ಏನಂತೀ ತಮ್ಮಾ?"

ನಮ್ಮವರು ಊರವರ ಕಡೆ ನೋಡಿದರು. ಎಲ್ಲರೂ ಗೋಣು ಹಾಕಿದರು. "ಆತು ಅಣ್ಣಾ. ಎರಡೂ ದಂಡಿಗಿ ಕಲ್ಲು ನಾವ ನೆಡತೇವಿ," ಎಂದರು.

ಸರ್ಕಲ್ ಸಾಹೇಬರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು. "ಈಗ ಕಂಡಿದ್ದನ್ನ ಬರೀತೀನಿ," ಎಂದರು. ಬರೆದು ಎಲ್ಲರಿಗೂ ಓದಿ ಹೇಳಿದರು. ಜೈನಾಪುರದಿಂದ ಬಬಲೇಶ್ವರಕ್ಕೆ ಹೋಗುವ ಹಳೆಯ ದಾರಿ ಬಳಕೆಯಲ್ಲಿದೆ, ಇನ್ನು ಮುಂದೆ ಇದು ಕಾಲುದಾರಿ ಮತ್ತು ಸೈಕಲ್ ದಾರಿ ಎಂದು. ನನ್ನ ಕಿವಿಗೆ ಈ ಸಲ ಸರಿಯಾಗೇ ಕೇಳಿಸಿತು! ಭಾವ ಸಹಿ ಮಾಡಿದರು, ನಮ್ಮವರು ಹೆಬ್ಬೆಟ್ಟು ಒತ್ತಿದರು. ಮಾಸ್ತರರಂತೂ ಕನ್ನಡಕ ತೆಗೆದು ಒರೆಸಿಯೇ ಒರೆಸಿದರು.

ಆಮೇಲಿನದನ್ನು ಏನು ಹೇಳಲಿ! ಸೀತನಿಗೆ ತೆನೆ ನಮ್ಮ ಹೊಲದಿಂದ ತರಲು ಹೊರಟರೆ ಈರಪ್ಪ ಭಾವ ಬಿಡಲಿಲ್ಲ. "ನನ್ನ ಹೊಲದಾಗ ನಿಂತು ಅವರ ತೆನಿ ಸುಡತೀರೇನು?" ಎಂದು ತಾವೇ ಕುಡಗೋಲು ತೆಗೆದುಕೊಂಡು ಹೋದರು. ಸಗಣಿಯ ಕುಳ್ಳಿನ ಬೆಂಕಿ ಹಾಕಿ, ತೆನೆ ಸುಟ್ಟು, ತಿಕ್ಕಿ, ಎಲ್ಲರೂ ಬಾವಿಯ ಸುತ್ತ ಕುಳಿತು ತಿಂದೆವು. ಸರ್ಕಲ್ ಸಾಹೇಬರು ಬೂಟು ಬಿಚ್ಚಿ, ಬಾವಿಯ ಮೆಟ್ಟಿಲ ಮೇಲೆ ಕಾಲು ನೀರಿಗೆ ಇಳಿಬಿಟ್ಟು, "ಇದೇನಮ್ಮಾ ಇದು, ಇಷ್ಟು ರುಚಿ!" ಎಂದು ಮತ್ತೆ ಮತ್ತೆ ಬೊಗಸೆ ಒಡ್ಡಿದರು. ಹೋಗುವಾಗ ನಡೆಯಲಿಲ್ಲ. ಮಲ್ಲೇಶಿಯ ಒಂದು ಸೈಕಲ್ ಹತ್ತಿ, ಬೂಟುಗಳನ್ನು ಹ್ಯಾಂಡಲಿಗೆ ತೂಗುಹಾಕಿಕೊಂಡು, ಗಂಟೆ ಬಾರಿಸುತ್ತಾ ಹೋದರು.

ಬಸಪ್ಪ ಮಗಳ ಹತ್ತಿರ ಬಂದು ನಿಂತ. ಕಸ್ತೂರಿ ತಲೆ ಎತ್ತಲಿಲ್ಲ. ಕೊನೆಗೆ, "ಮನ್ಯಾಗಿನ ಸಾಯ್ಕಲ್ಲಿಗಿ ಗಾಳಿ ಇಲ್ಲ," ಎಂದ. "ಮಲ್ಲೇಶಿ ಮಾಮಾಗ ಹೇಳಿ ಪಂಕ್ಚರ್ ತಗಸಿಕೋ. ನಾಳೆ ಸಾಲಿಗಿ ತಡಾ ಆದೀತು."

ಅಷ್ಟೇ. ಆ ಹುಡುಗಿ ಓಡಿ ಬಂದು ನನ್ನ ಕೊರಳಿಗೆ ಬಿದ್ದಳು. "ಆಯಿ, ಕುಂಡ್ರು!" ಎಂದಳು.

"ಎಲ್ಲಿ?"

"ಕ್ಯಾರಿಯರಿನ ಮ್ಯಾಲೆ! ನಿನ್ನ ಹಾದಿ, ನೀ ಹೋಗಬಾರದಾ?"

"ಏ ಹುಚ್ಚಿ, ಈ ವಯಸ್ಸಿನ್ಯಾಗ? ಮಂದಿ ನಗತಾರ."

"ಮುಂಜಾನಿ ನಕ್ಕು ಮುಗಿಸ್ಯಾರ ಬಿಡು ಆಯಿ," ಎಂದಳು. ಎಲ್ಲರೂ ಮತ್ತೆ ನಕ್ಕರು. ನಮ್ಮವರು ಬಂದು, ಊರ ಎದುರಿಗೇ ನನ್ನ ರಟ್ಟೆ ಹಿಡಿದು ಕೂರಿಸಿದರು. ಮಲ್ಲೇಶಿ ಹಿಂದಿನಿಂದ ಒಂದಿಷ್ಟು ದೂರ ದೂಡಿಕೊಟ್ಟ.

ನಾನು ಕಣ್ಣು ಮುಚ್ಚಿದ್ದೆ. ಸೆರಗು ಹಾರಿತು. ಕಸ್ತೂರಿಯ ಜಡೆ ಬಂದು ಬಂದು ಮುಖಕ್ಕೆ ಬಡಿಯುತ್ತಿತ್ತು. ಕಣ್ಣು ತೆರೆದರೆ ಬೇವಿನ ಮರಗಳು ನಮ್ಮ ಎರಡೂ ಬದಿಗೆ ಹಿಂದಕ್ಕೆ ಓಡುತ್ತಿವೆ! ಸೊಸೆಯಾಗಿ ಬಂದಂದಿನಿಂದ ತಲೆಯ ಮೇಲೆ ಬುತ್ತಿ ಹೊತ್ತು, ಕಟ್ಟಿಗೆ ಹೊತ್ತು ತಲೆ ತಗ್ಗಿಸಿ ನಡೆದ ಹಾದಿ ಅದು. ತಲೆಯ ಮೇಲೆ ಏನೂ ಇಲ್ಲದೆ ಆ ಹಾದಿಯನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟು ಹಸಿರು ಇತ್ತೇ ಅಲ್ಲಿ? ಅಷ್ಟು ಗಿಳಿ ಇದ್ದವೇ?

"ಹೆದರಿಕಿ ಆಗತೈತೇನ ಆಯಿ? ಸಾವಕಾಶ ಹೊಡೀಲೇನು?" ಎಂದು ಕಸ್ತೂರಿ ಕೇಳಿದಳು.

"ಜೋರ ಹೊಡಿ," ಎಂದೆ.

ಇದೆಲ್ಲ ನಡೆದು ಈಗ ಕೆಲವು ವರ್ಷ. ಕಸ್ತೂರಿ ಅದೇ ಹಾದಿಯಲ್ಲಿ ಹೋಗಿ ಬಂದು ಮ್ಯಾಟ್ರಿಕ್ ಮುಗಿಸಿದಳು. ಅವಳನ್ನು ನೋಡಿ ಇನ್ನೂ ನಾಲ್ಕು ಹುಡುಗಿಯರು ಸೈಕಲ್ ಹತ್ತಿದ್ದಾರೆ. ರಜೆಯ ದಿನ ಮಾಸ್ತರರು ಹುಡುಗರನ್ನು ಕಟ್ಟಿಕೊಂಡು ಟಿಕೋಟಾದವರೆಗೆ ಸುತ್ತು ಹೊಡೆಯುತ್ತಾರೆ. ಮಳೆಗಾಲದಲ್ಲಿ ಬದಿಯ ಕಲ್ಲು ಸರಿದರೆ ಈರಪ್ಪ ಭಾವ ತಾವೇ ಹೋಗಿ ಸರಿಯಾಗಿ ನಿಲ್ಲಿಸಿ ಬರುತ್ತಾರೆ. ಒಂದು ಗೇಣು ಆಚೆ ಅಲ್ಲ, ಈಚೆಯೂ ಅಲ್ಲ!

ಸುಮ್ಮನೆ ಗಾಳಿಗೆ ಅಡ್ಡಾಡಲು ಒಂದು ಹಾದಿ ಬೇಕೇ, ಅದು ಬರಿಯ ಸೊಗಸಲ್ಲವೇ ಎಂದು ಈಗಲೂ ಕೆಲವರು ಅನ್ನುತ್ತಾರೆ. ಸೊಗಸೇ ಅನ್ನಿ. ದುಡಿದು ದಣಿದ ಜೀವಕ್ಕೆ ಅಷ್ಟು ಸೊಗಸು ಬೇಡವೇ? ನನಗಂತೂ ಬೇಕು. ಮೊಣಕಾಲು ನೋವು, ದೂರ ನಡೆಯಲಾರೆ. ಆದರೂ ಕಸ್ತೂರಿ ಮನೆಯಲ್ಲಿದ್ದ ದಿನ ಸಂಜೆಯಾದರೆ ಸಾಕು, ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ, ಬಾಗಿಲಲ್ಲಿ ತಯಾರಾಗಿ ನಿಂತಿರುತ್ತೇನೆ.